ಬೆನ್ನಿನ ಚರ್ಮ, ಹೊಟ್ಟೆಯ ಚರ್ಮ

ಪೊಂತಸ್ಸಿಯೇವೆ
೧೨ ನವೆಂಬರ್ ೨೦೧೮

ಪ್ರೀತಿಯ ಮೊರೇನಾ,

ಕಂದು ಬಣ್ಣದ ದೊಡ್ಡ ಬ್ಯಾಗಿನ ಒಳಜೇಬಿನಲ್ಲಿ ಈ ಪತ್ರ ಇಟ್ಟಿದ್ದೇನೆ. ಹೋದ ಸಲದ ಹಾಗೆ ಪತ್ರ ತೆಗೆಯದೆಯೇ ಬ್ಯಾಗು ಮಾರಿಬಿಡಬೇಡ, ಮಹಾರಾಯ್ತಿ. ಆ ಮಿಲಾನಿನ ಹೆಂಗಸು ನನ್ನ ಮಂಡಿನೋವಿನ ಪುರಾಣವನ್ನೆಲ್ಲ ಓದಿ, ಯಾವುದೋ ಮುಲಾಮಿನ ಹೆಸರು ಬರೆದು ಕಳಿಸಿದಳಲ್ಲ, ನಾಚಿಕೆಯಿಂದ ನನಗೆ ಮುಖ ಎತ್ತಲಾಗಲಿಲ್ಲ. ಮುಲಾಮು ಚೆನ್ನಾಗಿದೆ, ಆ ಮಾತು ಬೇರೆ.

ಫೋನ್ ಮಾಡು ಮಾಡು ಎಂದು ಪೀಡಿಸಬೇಡ. ಫೋನಿನಲ್ಲಿ ನನಗೆ ಗುಂಯ್ ಎನ್ನುವುದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಮೇಲಾಗಿ ನಿನ್ನ ಹೆಸರು ನನ್ನ ಬಾಯಲ್ಲಿ ಬಂದ ಕೂಡಲೇ ನಿಮ್ಮಪ್ಪ ಎದ್ದು ಬೀದಿಗೆ ಹೋಗುತ್ತಾರೆ. ಈ ಚಳಿಯಲ್ಲಿ ಅವರನ್ನು ಬೀದಿಗೆ ಅಟ್ಟುವುದು ನನಗೆ ಬೇಕಿಲ್ಲ.

ಈ ವಾರ ಹೊಸ ಆಲಿವ್ ಎಣ್ಣೆ ಬಂತು. ಹಸಿರು ಹಸಿರಾಗಿ, ಗಂಟಲು ಉರಿಯುವಷ್ಟು ಖಾರವಾಗಿದೆ. ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ, ಮೇಲೆ ಸುರಿದುಕೊಂಡು ತಿಂದೆವು. ನಿಮ್ಮಪ್ಪ ಚೆನ್ನಾಗಿದ್ದಾರೆ. ಬೆಳಿಗ್ಗೆ ಕೆಳಗಿನ ಕೋಣೆಗೆ ಇಳಿಯುತ್ತಾರೆ, ಚರ್ಮ ಕತ್ತರಿಸುತ್ತಾರೆ, ಸರ್ಕಾರವನ್ನು ಬೈಯುತ್ತಾರೆ, ಮೇಲೆ ಬರುತ್ತಾರೆ. ನಾನು ಹೊಲಿಯುತ್ತೇನೆ. ನಿನ್ನ ಇಂಟರ್ನೆಟ್ ಪುಟಕ್ಕೆ ಇಷ್ಟು ಸಾಕಲ್ಲ? ಕಾಫಿ ಅಂಗಡಿಯ ಲೊರೆತ್ತಾ ನೀನು ಬರೆದದ್ದನ್ನೆಲ್ಲ ತನ್ನ ಫೋನಿನಲ್ಲಿ ನನಗೆ ಓದಿ ಹೇಳುತ್ತಾಳೆ. "ಇಲ್ವಾ ಹುರುಳಿಕಾಯಿಯ ಸಾರನ್ನು ಪ್ರೀತಿಯಿಂದ ಮಾಡುತ್ತಾಳೆ" ಎಂದು ಬರೆದಿದ್ದೀಯಂತೆ. ಪ್ರೀತಿಯಿಂದ ಅಲ್ಲ ತಾಯಿ, ಕಾಳಿನಿಂದ ಮಾಡುತ್ತೇನೆ. ಕಾಯಿಗೂ ಕಾಳಿಗೂ ವ್ಯತ್ಯಾಸ ಮರೆತುಹೋಯಿತೇ ಟುರಿನ್‌ನಲ್ಲಿ?

ಗಿರಾಕಿಗಳು ಕೇಳಿದರೆ ಎಲ್ಲವನ್ನೂ ನಿಮ್ಮಪ್ಪ ನೇದೋನೇ ಕತ್ತರಿಸಿದ್ದು ಎಂದು ಹೇಳು.

ನಿನ್ನಮ್ಮ,
ಇಲ್ವಾ


ಟುರಿನ್
೨ ಡಿಸೆಂಬರ್ ೨೦೧೮

ಅಮ್ಮಾ,

ಬ್ಯಾಗುಗಳು ತಲುಪಿದವು. ಮೊದಲು ಒಳಜೇಬಿಗೆ ಕೈ ಹಾಕಿದೆ, ಆಮೇಲೆ ಹೊರಗೆ ನೋಡಿದೆ. ಹೊಲಿಗೆ ಎಂದಿನಂತೆ ಮುತ್ತು ಪೋಣಿಸಿದ ಹಾಗಿದೆ. ಚರ್ಮ ಈ ಸಲ ತುಂಬಾ ಮೆತ್ತಗಿದೆ. ಕೈಗೆ ಹಿತವೆಂದು ಜನ ಹಿಡಿದವರು ಬಿಡುವುದಿಲ್ಲ.

ಅಂಗಡಿ ನಡೆಯುತ್ತಿದೆ. ನಡೆಯುತ್ತಿದೆ ಎಂದರೆ ಬಾಗಿಲು ಹಾಕಿಲ್ಲ ಎಂದು ಅರ್ಥ. ಸಾರ್ದೀನಿಯಾದಲ್ಲಿ ಕೈಮಗ್ಗದ ಬಟ್ಟೆಯ ಬ್ಯಾಗು ಮಾಡುವ ಜೆಲಿಂಡಾಳ ಮಾಲಿಗೂ ನಿಮ್ಮ ಮಾಲಿಗೂ ಕೇಳುವವರಿದ್ದಾರೆ. ಎದುರು ಬೀದಿಯಲ್ಲಿ ದೊಡ್ಡ ಕಂಪನಿಯವರು ಗಾಜಿನ ಅಂಗಡಿ ತೆರೆದಿದ್ದಾರೆ. ಅಲ್ಲಿಯ ಬ್ಯಾಗುಗಳಿಗೂ ಕೈಯಿಂದ ಮಾಡಿದ್ದು ಎಂಬ ಚೀಟಿ ಅಂಟಿಸಿರುತ್ತಾರೆ. ಯಾರ ಕೈ ಎಂದು ಯಾರೂ ಕೇಳುವುದಿಲ್ಲ. ನನ್ನಲ್ಲಿ ಮಾತ್ರ ಎಲ್ಲರೂ ಕೇಳುತ್ತಾರೆ. ನೇದೋ ಏನು ಊಟ ಮಾಡಿದರು, ಇಲ್ವಾ ಯಾರಿಗೆ ಬೈದರು ಎಂದು ತಿಳಿಯಲಿಕ್ಕೇ ಒಳಗೆ ಬರುತ್ತಾರೆ, ಹೋಗುವಾಗ ಬ್ಯಾಗು ಕೊಳ್ಳುತ್ತಾರೆ. ನಿಮ್ಮ ದಿನದ ಬದುಕನ್ನು ಮಾರಿ ನಾನು ಬದುಕುತ್ತಿದ್ದೇನೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ಬೇರೆ ದಾರಿ ಕಾಣುವುದಿಲ್ಲ.

ಅಪ್ಪನ ಹೊಸ ಫೋಟೋ ಒಂದಾದರೂ ಕಳಿಸು. ಚರ್ಮದ ಮೇಲೆ ಬಾಗಿರುವುದು, ಬೆನ್ನು ಕಂಡರೂ ಪರವಾಗಿಲ್ಲ. ಲೊರೆತ್ತಾ ತೆಗೆದುಕೊಡುತ್ತಾಳೆ.

ಇನ್ನೊಂದು ಮಾತು. ನನ್ನ ಬಗ್ಗೆ ಏನಾದರೂ ಕೇಳುತ್ತಾರಾ? ಪ್ರತಿ ಪತ್ರದಲ್ಲೂ ಇದನ್ನೇ ಕೇಳಿ ನಿನಗೆ ಬೇಜಾರಾಗಿರಬಹುದು. ಕ್ರಿಸ್‌ಮಸ್‌ಗೆ ಬರಲಾ?

ನಿನ್ನ
ಮೊರೇನಾ


ಪೊಂತಸ್ಸಿಯೇವೆ
೧೯ ಡಿಸೆಂಬರ್ ೨೦೧೮

ಮೊರೇನಾ,

ಈ ಸಲ ಬೇಡ. ಮಹಡಿಯ ಒಲೆ ಹೊಗೆ ಕಾರುತ್ತಿದೆ, ನಿನ್ನ ಕೋಣೆಯ ತುಂಬ ತೊಗಲಿನ ಸುರುಳಿಗಳಿವೆ, ನನಗೆ ನೆಗಡಿ. ಇಷ್ಟು ಕಾರಣ ಸಾಲದಿದ್ದರೆ ಇನ್ನೂ ನಾಲ್ಕು ಹುಟ್ಟಿಸುತ್ತೇನೆ.

ಕೇಳುತ್ತಾರಾ ಎಂದು ಕೇಳಿದ್ದೀಯ. ಸುಳ್ಳು ಹೇಳಿ ಏನು ಪ್ರಯೋಜನ? ಕೇಳುವುದಿಲ್ಲ. ನಿಮ್ಮಿಬ್ಬರದೂ ಒಂದೇ ಅಚ್ಚಿನ ತಲೆ, ಕಲ್ಲಿನದು. ನೀನು ಹತ್ತು ವರ್ಷದವಳಿದ್ದಾಗ ಎಡಗೈಯವಳೆಂದು ನಿನಗಾಗಿಯೇ ಒಂದು ಚಾಕುವನ್ನು ತಿರುವುಮುರುವಾಗಿ ಸಾಣೆ ಹಿಡಿದು ಕೊಟ್ಟವರು ಅವರು. ಕತ್ತರಿಸುವ ಕೆಲಸಕ್ಕೆ ಮಗಳು ಬರುತ್ತಾಳೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದರು. ನೀನು ದೊಡ್ಡವಳಾಗಿ, ಆ ಮೇಜಿಗೆ ಜೀವನಪೂರ್ತಿ ಬಾಗಿ ನಿಲ್ಲಲಾರೆ, ಟುರಿನ್‌ಗೆ ಹೋಗಿ ಮಾರುವ ಕೆಲಸ ಕಲಿಯುತ್ತೇನೆ ಎಂದೆ. ಅವರೇನಂದರು, ನಿನಗೂ ಗೊತ್ತು, ನನಗೂ ಗೊತ್ತು. "ಮಾರೋಳಿಗೆ ಚಾಕು ಯಾಕೆ? ಇಟ್ಟು ಹೋಗು." ನೀನೂ ಮಹಾರಾಣಿಯ ಹಾಗೆ ಮೇಜಿನ ಮೇಲೆ ಇಟ್ಟು ಹೋದೆ. ನಡುವೆ ನಿಂತ ನನ್ನನ್ನು ಯಾರೂ ಕೇಳಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಅವರ ಬಾಯಲ್ಲಿ ನೀನು "ಟುರಿನ್‌ನ ಅಂಗಡಿ". "ಟುರಿನ್‌ನ ಅಂಗಡಿಗೆ ಕಳಿಸೋದು ತಯಾರಾಯ್ತಾ?" ಅಷ್ಟೇ.

ಅವರು ನಿನ್ನ ಹೆಸರು ಹೇಳುವ ದಿನ ನಾನೇ ನಿನಗೆ ಬರೆಯುತ್ತೇನೆ. ಅಲ್ಲಿಯವರೆಗೆ ತಾಳ್ಮೆ ಇರಲಿ.

ಫೋಟೋ ತೆಗೆಯಲು ಬೆಳಕು ಸಾಲದು. ಚಳಿಗಾಲ ಕಳೆಯಲಿ. ಕಡಲೆಯಷ್ಟೇ ಸಣ್ಣ ಬಟನಿನ ಎರಡು ಬ್ಯಾಗು ಕಳಿಸಿದ್ದೇನೆ, ಹಿಡಿಗಳನ್ನು ಉದ್ದ ಮಾಡಿದ್ದೇನೆ. ಮಾಡಿದ್ದಾರೆ.

ಅಮ್ಮ


ಟುರಿನ್
೩ ಫೆಬ್ರವರಿ ೨೦೧೯

ಅಮ್ಮಾ,

ಗುರುವಾರ ಒಬ್ಬ ಶಾಲೆಯ ಟೀಚರ್ ಬಂದರು. ಡಿಸೆಂಬರಿನಲ್ಲಿ ಕಂದು ಬ್ಯಾಗು ಕೊಂಡವರು. ದೂರು ಹೇಳಲು ಅವರಿಗೇ ಸಂಕೋಚ. ಬ್ಯಾಗನ್ನು ಹೆಗಲಿಗೆ ಹಾಕಿ ನಿಂತು ತೋರಿಸಿದರು. ಸೊಂಟದ ಹತ್ತಿರ ಇರಬೇಕಾದದ್ದು ಮಂಡಿಗೆ ಇಳಿದಿತ್ತು. ಹಿಡಿ ಎಳೆದುಕೊಂಡು, ನಡುವೆ ತೆಳ್ಳಗಾಗಿ, ಹಳೆಯ ಕಾಲುಚೀಲದ ಅಂಚಿನ ಹಾಗೆ ಜೋತುಬಿದ್ದಿತ್ತು. "ನಾನೇ ಪುಸ್ತಕ ಜಾಸ್ತಿ ತುಂಬಿಸಿದೆ ಅನ್ಸುತ್ತೆ" ಎಂದರು ಪಾಪ.

ಅವರು ಹೋದ ಮೇಲೆ ಅಂಗಡಿಯ ಬಾಗಿಲು ಹಾಕಿದೆ. ನಮ್ಮ ಮನೆಯಲ್ಲಿ ಶನಿವಾರ ಮಾಡುತ್ತಿದ್ದುದನ್ನೇ ಮಾಡಿದೆ. ಹೊಸ ಬ್ಯಾಗಿನೊಳಗೆ ಭಾರ ಇಟ್ಟು ತೊಲೆಯ ಮೊಳೆಗೆ ನೇತುಹಾಕುವುದು, ಸೋಮವಾರ ಇಳಿಸಿ ಹಿಡಿಯನ್ನು ಅಳೆಯುವುದು. ನೆನಪಿದೆಯಲ್ಲ, ಒಂದರಲ್ಲಿ ಅಜ್ಜಿಯ ಇಸ್ತ್ರಿಪೆಟ್ಟಿಗೆ, ಒಂದರಲ್ಲಿ ತಕ್ಕಡಿಯ ಕಲ್ಲು, ಒಂದರಲ್ಲಿ ವೈನಿನ ಜಾಡಿ. ಭಾನುವಾರ ಇಡೀ ಆ ಕೋಣೆಯಲ್ಲಿ ಬ್ಯಾಗುಗಳು ತೂಗುತ್ತಿದ್ದವು, ನಾನು ಅವುಗಳ ಕೆಳಗೆ ಆಡುತ್ತಿದ್ದೆ. ನೇತಾಡದ ಬ್ಯಾಗು ಬಾಗಿಲು ದಾಟಬಾರದು ಎನ್ನುತ್ತಿದ್ದರು ಅಪ್ಪ. ಇಲ್ಲಿ ನಾನು ಉಳಿದಿದ್ದ ನಿಮ್ಮ ಬ್ಯಾಗುಗಳನ್ನೆಲ್ಲ ನೀರಿನ ಬಾಟಲಿ ತುಂಬಿಸಿ ನೇತುಹಾಕಿದೆ. ಇವತ್ತು ನೋಡಿದರೆ ಎಲ್ಲವೂ ಇಳಿದಿವೆ.

ಒಂದು ಹಿಡಿಯ ಹೊಲಿಗೆ ಬಿಚ್ಚಿದೆ. ಕ್ಷಮಿಸು, ನಿನ್ನ ಹೊಲಿಗೆ ಬಿಚ್ಚಲು ಅರ್ಧ ದಿನ ಹಿಡಿಯಿತು. ಹಿಂಬದಿಯ ನಾರನ್ನು ಬೆರಳಿನಿಂದ ಉಜ್ಜಿ ನೋಡಿದೆ. ಸಡಿಲ, ಹತ್ತಿಯ ಹಾಗೆ. ಅಮ್ಮಾ, ಅದು ಹೊಟ್ಟೆಯ ಚರ್ಮ.

ಅಪ್ಪ ಸತ್ತರೂ ಹೊಟ್ಟೆಯ ಚರ್ಮದಲ್ಲಿ ಹಿಡಿ ಕತ್ತರಿಸುವವರಲ್ಲ. ಬೆನ್ನೆಲುಬಿನ ಪಕ್ಕದ ಪಟ್ಟಿ ಬಿಟ್ಟು ಬೇರೆ ಕಡೆ ಹಿಡಿಗೆ ಚಾಕು ಇಟ್ಟಿದ್ದಕ್ಕೆ ಹನ್ನೆರಡು ವರ್ಷದ ನನ್ನನ್ನು ಊಟಕ್ಕೆ ಕೂರಿಸದೆ ನಿಲ್ಲಿಸಿದ್ದರು.

ಇವನ್ನು ಕತ್ತರಿಸಿದವರು ಯಾರು? ಅಪ್ಪ ಎಲ್ಲಿದ್ದಾರೆ?

ಮೊರೇನಾ


ಪೊಂತಸ್ಸಿಯೇವೆ
೧೭ ಫೆಬ್ರವರಿ ೨೦೧೯

ಮೊರೇನಾ,

ಅಪ್ಪ ಇಲ್ಲೇ ಇದ್ದಾರೆ. ಕಿಟಕಿಯ ಹತ್ತಿರ ಕೂತಿದ್ದಾರೆ. ಕತ್ತರಿಸಿದ್ದು ನಾನು. ಈಗ ಸಮಾಧಾನವಾಯಿತೇ?

ಹೋದ ಬೇಸಿಗೆಯಲ್ಲಿ ಒಂದು ದಿನ ನಾನು ಕೆಳಗೆ ಹೋದಾಗ ಅವರು ತೊಗಲನ್ನು ಮೇಜಿನ ಮೇಲೆ ಹರಡಿಕೊಂಡು ನಿಂತಿದ್ದರು. ಚಾಕು ಕೈಯಲ್ಲಿತ್ತು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ ಗೊತ್ತಿಲ್ಲ. ತೊಗಲನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು, ಚಿಕ್ಕ ಹುಡುಗರು ಕಂಬಳಿಯ ತಲೆ ಯಾವುದು ಕಾಲು ಯಾವುದು ಎಂದು ಹುಡುಕುವ ಹಾಗೆ. ಆಮೇಲೆ ನನ್ನನ್ನು ನೋಡಿ, "ಇಲ್ವಾ, ಇದು ಎಲ್ಲಿಂದ ಶುರುವಾಗುತ್ತೆ?" ಎಂದರು. ನಾನು ನಕ್ಕುಬಿಟ್ಟೆ. ತಮಾಷೆ ಎಂದುಕೊಂಡೆ. ಅವರು ನಗಲಿಲ್ಲ. ಚಾಕು ಇಟ್ಟು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು.

ಫ್ಲಾರೆನ್ಸಿನ ಡಾಕ್ಟರ್ ಹತ್ತಿರ ಹೋಗಿ ಬಂದೆವು. ಒಳ್ಳೆಯವನೇ. ಗಡಿಯಾರದ ಚಿತ್ರ ಬರೆಯಿರಿ ಎಂದ. ಇವರು ದುಂಡಗೆ ಬರೆದರು, ಅಂಕಿಗಳನ್ನೆಲ್ಲ ಒಂದೇ ಬದಿಗೆ ತುಂಬಿಸಿದರು. ಡಾಕ್ಟರ್ ನನ್ನ ಕಡೆ ನೋಡಿದ ನೋಟದಲ್ಲೇ ನನಗೆ ಗೊತ್ತಾಯಿತು. ವಾಸಿಯಾಗುವ ಕಾಯಿಲೆ ಅಲ್ಲವಂತೆ. ನಿಧಾನ ಮಾಡುವ ಮಾತ್ರೆ ಕೊಟ್ಟಿದ್ದಾನೆ. ನಿಧಾನವಾಗುತ್ತಿರುವುದು ಅವರೇ, ಕಾಯಿಲೆ ಅಲ್ಲ.

ಕತ್ತರಿಸುವವರನ್ನು ಬೇರೆ ಹುಡುಕಬಹುದಿತ್ತಲ್ಲ ಎನ್ನುತ್ತೀಯ. ಎಲ್ಲಿದ್ದಾರೆ? ನಮ್ಮ ಬೀದಿಯಲ್ಲಿ ಉಳಿದಿದ್ದವರೆಲ್ಲ ದೊಡ್ಡ ಕಂಪನಿಗಳಲ್ಲಿ ಚರ್ಮ ಕತ್ತರಿಸುವ ಯಂತ್ರದ ಮುಂದೆ ನಿಂತಿದ್ದಾರೆ. ಅದಕ್ಕೆ ನಾನೇ ಚಾಕು ಹಿಡಿದೆ. ನಲವತ್ತು ವರ್ಷ ಹೊಲಿದವಳು ನಾನು, ನನ್ನ ಬೆರಳಿಗೆ ಗೊತ್ತಿರುವುದು ಒಂದೇ, ಸೂಜಿ ಎಲ್ಲಿ ಸಲೀಸಾಗಿ ಇಳಿಯುತ್ತದೆ ಎಂಬುದು. ಹೊಟ್ಟೆಯ ಭಾಗ ಬೆಣ್ಣೆಯ ಹಾಗೆ. ಹಿಡಿಗೆ ಇಷ್ಟು ಚೆಂದದ ಚರ್ಮ ಬಿಟ್ಟು ಅವರು ಗಡುಸು ಬೆನ್ನಿನಲ್ಲಿ ಕತ್ತರಿಸಿ ಇಷ್ಟು ವರ್ಷ ನನ್ನ ಬೆರಳು ತೂತು ಮಾಡಿದರಲ್ಲ ಎಂದು ಬೈದುಕೊಂಡು ಕತ್ತರಿಸಿದೆ. ನೇತುಹಾಕಲೂ ಇಲ್ಲ. ಆ ಇಸ್ತ್ರಿಪೆಟ್ಟಿಗೆ ಎತ್ತಿ ಮೊಳೆಗೆ ಏರಿಸುವ ಶಕ್ತಿ ನನ್ನ ತೋಳಿನಲ್ಲಿಲ್ಲ.

ನಿನಗೆ ಯಾಕೆ ಹೇಳಲಿಲ್ಲ? ನಿನ್ನ ಪುಟದಲ್ಲಿ ನೇದೋನ ಕೈ, ನೇದೋನ ಚಾಕು ಎಂದು ಬರೆಯುತ್ತೀಯ. ಅದನ್ನು ಕಿತ್ತರೆ ಅಂಗಡಿಯಲ್ಲಿ ಏನು ಉಳಿಯುತ್ತದೆ? ಇದು ಒಂದು ಕಾರಣ. ಇನ್ನೊಂದು ಕಾರಣ ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ನೀನು ಓಡಿ ಬರುತ್ತೀಯ, ಅವರು ಎದ್ದು ಬೀದಿಗೆ ಹೋಗುತ್ತಾರೆ, ಅದೇ ಕೊನೆಯದಾಗಿಬಿಡುತ್ತದೆ ಎಂದು ಹೆದರಿದೆ. ಒಂದು ಸಲ, ಒಂದೇ ಸಲ, ಅವರು ತಾವಾಗಿ ನಿನ್ನ ಹೆಸರು ಹೇಳಲಿ, ಆಮೇಲೆ ಕರೆಸೋಣ ಎಂದು ಕಾದೆ. ಹೇಳಲೇ ಇಲ್ಲ. ಈಗ ಕೋಪಕ್ಕೆ ಹೇಳುತ್ತಿಲ್ಲವೋ, ಹೆಸರೇ ಮರೆತಿದೆಯೋ, ನನಗೂ ತಿಳಿಯದು.

ಅಮ್ಮ


ಟುರಿನ್
೩ ಮಾರ್ಚ್ ೨೦೧೯

ಅಮ್ಮಾ,

ಹದಿನೈದು ದಿನ ಬರೆಯಲಾಗಲಿಲ್ಲ. ನಿನ್ನ ಮೇಲೆ ಸಿಟ್ಟು ಬಂದಿತ್ತು, ಈಗಲೂ ಇದೆ. ಮಾರಿದ ಬ್ಯಾಗುಗಳನ್ನೆಲ್ಲ ವಾಪಸು ತರಿಸಿಕೊಳ್ಳುತ್ತಿದ್ದೇನೆ. ಟೀಚರ್ ಮಾತ್ರ ಕೊಡುವುದಿಲ್ಲ ಎಂದರು, ಕೈಯಲ್ಲಿ ಅಪ್ಪಿಕೊಂಡು ಹಿಡಿಯುತ್ತಾರಂತೆ. ಪುಟದಲ್ಲಿ ಏನೂ ಬರೆದಿಲ್ಲ. ನೇದೋ ಹೇಗಿದ್ದಾರೆ ಎಂದು ಜನ ಕೇಳುತ್ತಿದ್ದಾರೆ. ಹೇಗಿದ್ದಾರೆ ಎಂದು ನಾನು ಯಾರನ್ನು ಕೇಳಲಿ?

ಈಸ್ಟರ್‌ಗೆ ಬರುತ್ತೇನೆ. ಬೇಡ ಎಂದು ಬರೆಯಬೇಡ. ಅವರು ಒಪ್ಪಿಕೊಳ್ಳಬೇಕು, ಅಪ್ಪಿಕೊಳ್ಳಬೇಕು ಎಂದೆಲ್ಲ ನನಗೆ ಆಸೆ ಇಲ್ಲ. ನಾನೆಂದು ಗೊತ್ತಾಗಿ, ನನ್ನ ಮುಖ ನೋಡಿ ಒಂದು ಮಾತು ಆಡಲಿ. ಬೈದರೂ ಸಾಕು. ಬಾಗಿಲು ತೋರಿಸಿ ಹೋಗು ಎಂದರೂ ಸಾಕು, ಮಗಳಿಗೆ ಹೇಳಿದ ಹಾಗಾಗುತ್ತದೆ.

ಮೊರೇನಾ


ಪೊಂತಸ್ಸಿಯೇವೆ
೧೪ ಏಪ್ರಿಲ್ ೨೦೧೯, ಗರಿಗಳ ಭಾನುವಾರ

ಮೊರೇನಾ, ಮೊರೇನಾ,

ಬಾ. ರೈಲು ಹತ್ತಿ ಬಾ. ನಿನ್ನ ಹೆಸರು ಹೇಳಿದರು.

ಮೊದಲಿನಿಂದ ಹೇಳುತ್ತೇನೆ. ಬುಧವಾರ ಪಾದ್ರಿ ಮನೆ ಮನೆ ಆಶೀರ್ವಾದಕ್ಕೆ ನಮ್ಮ ಬೀದಿಗೆ ಬಂದರು. ನಿನಗೆ ಗೊತ್ತಲ್ಲ, ಪಾದ್ರಿ ಒಳಗೆ ಬಂದರೆ ನಿಮ್ಮಪ್ಪ ಕಮ್ಯುನಿಸ್ಟರ ಕೆಂಪು ಕರವಸ್ತ್ರ ಕೊರಳಿಗೆ ಸುತ್ತಿಕೊಂಡು ಬೀದಿಯ ಆಚೆ ನಿಲ್ಲುವುದು, ಅವರು ಹೋಗುವವರೆಗೆ ಒಳಗೆ ಕಾಲಿಡದಿರುವುದು. ಪಾದ್ರಿಯೂ ಹೋಗುವಾಗ ಇವರ ಕಡೆ ಎರಡು ಹನಿ ನೀರು ಎರಚಿ ನಗುವುದು. ಈ ವರ್ಷ ಇವರು ಕುರ್ಚಿ ಎಳೆದುಕೊಟ್ಟರು. "ಕೂತ್ಕೊಳ್ಳಿ, ಯಾವ ಬ್ಯಾಗು ತೋರಿಸ್ಲಿ?" ಎಂದರು. ಪಾದ್ರಿ ನೀರಿನ ಪಾತ್ರೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ಪಾಪ, ಅವರ ಕಣ್ಣಲ್ಲೇ ನೀರು ಬಂತು. ತಮಗೆ ಎದುರಾಳಿಯೇ ಇಲ್ಲದಂತಾಯಿತು ಎಂದು ಹೊರಗೆ ನನ್ನ ಹತ್ತಿರ ಹೇಳಿದರು.

ಅದಾದ ಮೇಲೆ ಇವರು ಕೆಳಗಿನ ಕೋಣೆಯಲ್ಲೇ ಕೂತರು. ಅಟ್ಟದ ಮೇಲೆ ಒಂದು ಒಳ್ಳೆಯ ತೊಗಲಿದೆ, ಅವರೇ ತಂದಿದ್ದರಲ್ಲಿ ಕೊನೆಯದು, ನಾನು ಅದನ್ನು ಮುಟ್ಟಿರಲಿಲ್ಲ. ಅದನ್ನು ಇಳಿಸು ಎಂದು ಕೈ ತೋರಿಸಿದರು. ಹರಡಿದೆ. ಅಂಗೈ ಇಟ್ಟು ಕತ್ತಿನಿಂದ ಬಾಲದವರೆಗೆ ಸವರಿದರು. ನಡುವೆ ನಿಲ್ಲಿಸಿ, "ಇದು ಬೆನ್ನು" ಎಂದರು. ಯಾರು ಕತ್ತರಿಸುತ್ತಾರೆ ಎಂದು ಕೇಳಿದೆ. ಏನು ಮೂರ್ಖ ಪ್ರಶ್ನೆ ಎಂಬಂತೆ ನನ್ನನ್ನು ನೋಡಿ, "ಮೊರೇನಾ" ಎಂದರು. "ಮೊರೇನಾ ಬರ್ಲಿ."

ಸೊಕ್ಕಿನಿಂದಲ್ಲ, ಕೋಪದಿಂದಲ್ಲ, ನಿನ್ನನ್ನು ಅಂಗಡಿಗೆ ಉಪ್ಪು ತರಲು ಕಳಿಸಿದ್ದಾರೇನೋ ಎಂಬಷ್ಟು ಸಲೀಸಾಗಿ ಹೇಳಿದರು. ಇವತ್ತು ಚರ್ಚಿನಿಂದ ತಂದ ಆಲಿವ್ ಕೊಂಬೆಯನ್ನು ತೊಲೆಯ ಮೊಳೆಗೆ ಸಿಕ್ಕಿಸಿದ್ದೇನೆ. ನಾನು ಅಳುವವಳಲ್ಲ. ಅಕ್ಷರ ಕಲಸಿದ್ದರೆ ಈರುಳ್ಳಿ ಹೆಚ್ಚುತ್ತಿದ್ದೆ ಎಂದುಕೋ.

ಅಮ್ಮ


ಟುರಿನ್
೨೫ ಏಪ್ರಿಲ್ ೨೦೧೯

ಅಮ್ಮಾ,

ಊಟಕ್ಕೂ ನಿಲ್ಲದೆ ಬಂದುಬಿಟ್ಟೆ. ನೀನು ಮಾಡಿದ ಕುರಿಮರಿಯ ಮಾಂಸ ಹಾಗೇ ಉಳಿದಿರಬೇಕು. ಕೆಳಗೆ ಏನಾಯಿತೆಂದು ನೀನು ಕೇಳಿದಾಗ ರೈಲಿಗೆ ಹೊತ್ತಾಯಿತು ಎಂದೆ. ಹೊತ್ತಾಗಿರಲಿಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೆ.

ನೀನು ಮೇಲೆ ನಿಂತು, ಒಬ್ಬಳೇ ಹೋಗು ಎಂದು ನನ್ನ ಬೆನ್ನು ತಟ್ಟಿದೆ. ಇಳಿದೆ. ಅಪ್ಪ ಮೇಜಿನ ಮುಂದೆ ಕೂತಿದ್ದರು. ಎಷ್ಟು ಸಣ್ಣಗಾಗಿದ್ದಾರೆ ಎಂದು ನೀನು ಬರೆದಿರಲಿಲ್ಲ. ನನ್ನನ್ನು ಕಂಡು ಎದ್ದು ನಿಂತರು. ನನ್ನ ಜನ್ಮದಲ್ಲಿ ಅಪ್ಪ ನನಗಾಗಿ ಎದ್ದು ನಿಂತವರಲ್ಲ. ಆಗಲೇ ನನಗೆ ಗೊತ್ತಾಗಬೇಕಿತ್ತು.

"ಬನ್ನಿ, ಕೂತ್ಕೊಳ್ಳಿ" ಎಂದರು. ಗಿರಾಕಿಗಳ ಕುರ್ಚಿಯನ್ನು ತೋಳಿನಿಂದ ಒರೆಸಿ ಕೊಟ್ಟರು. ನಾನು ಕೂತೆ. ಅಪ್ಪಾ ಎನ್ನಲು ಬಾಯಿ ತೆರೆದೆ, ಅವರು ಅಷ್ಟರಲ್ಲಿ ತೊಗಲು ತೋರಿಸಲು ಶುರುಮಾಡಿದ್ದರು. ಚೆನ್ನಾಗಿದೆ ಎಂದೆ. ಯಾವಾಗ ಆಗುತ್ತದೆ ಎಂದೂ ಕೇಳಿದೆ, ಏನು ಕೇಳಬೇಕೆಂದು ತಿಳಿಯದೆ.

"ನಾನು ಕತ್ತರಿಸಲ್ಲ ಈಗ. ಮಗಳು ಕತ್ತರಿಸ್ತಾಳೆ. ಶಾಲೆಗೆ ಹೋಗಿದ್ದಾಳೆ, ಇನ್ನೇನು ಬಂದ್ಬಿಡ್ತಾಳೆ. ಚಿಕ್ಕವಳು ಅಂತ ಅಂದ್ಕೋಬೇಡಿ. ನನಗಿಂತ ಚೆನ್ನಾಗಿ ಚರ್ಮ ಓದ್ತಾಳೆ. ಅವಳ ಮುಂದೆ ಹೇಳಲ್ಲ ಅಷ್ಟೇ, ತಲೆ ತಿರುಗಿಬಿಡುತ್ತೆ."

ಈಸ್ಟರ್ ಮರುದಿನ ಯಾವ ಶಾಲೆ ಇರುತ್ತದೆ ಎಂದು ಹೇಳಲಿಲ್ಲ. ನಿಮ್ಮ ಮಗಳ ಮೇಲೆ ನಿಮಗೆ ಕೋಪ ಇದೆಯಾ ಎಂದು ಕೇಳಿದೆ. ಹುಬ್ಬು ಗಂಟು ಹಾಕಿ ನನ್ನನ್ನು ನೋಡಿದರು. "ಕೋಪ ಯಾಕಮ್ಮ? ಅವಳೇನು ಮಾಡಿದ್ದಾಳೆ?"

ನನ್ನ ಹತ್ತಿರ ಆಡಬೇಕಾದ ಮಾತೆಲ್ಲ ಆಡಿದರು, ಅಮ್ಮಾ. ನನಗೆ ಮಾತ್ರ ಆಡಲಿಲ್ಲ. ಅವರ ಜೊತೆ ಕೂತು ನನ್ನ ದಾರಿ ನಾನೇ ಕಾದೆ. ಅವರು ಬಾಗಿಲ ಕಡೆ ನೋಡಿದಾಗಲೆಲ್ಲ ನಾನೂ ನೋಡಿದೆ. ಕೊನೆಗೆ, "ಯಾಕೋ ತಡ ಮಾಡ್ತಿದಾಳೆ, ನಿಮಗೆ ತೊಂದರೆ ಆಯ್ತು" ಎಂದು ಕ್ಷಮೆ ಕೇಳಿದರು. ಅಲ್ಲಿಂದ ಎದ್ದು ಬಂದೆ.

ಮೊರೇನಾ


ಪೊಂತಸ್ಸಿಯೇವೆ
೧೨ ಮೇ ೨೦೧೯

ಮಗಳೇ,

ಅವತ್ತು ಊಟಕ್ಕೆ ಕೂತಾಗ ಅವರು, "ದೂರದಿಂದ ಒಬ್ಬರು ಬಂದಿದ್ರು, ಒಳ್ಳೆಯ ಹೆಂಗಸು, ಯಾಕೋ ಕಣ್ಣಲ್ಲಿ ನೀರು ಹಾಕ್ಕೊಂಡ್ರು" ಎಂದರು. ನಿನ್ನ ಪತ್ರ ಬರುವ ಮೊದಲೇ ನನಗೆ ತಿಳಿದಿತ್ತು. ನಾನು ಹಾಗೆ ಕುಣಿದಾಡಿಕೊಂಡು ನಿನ್ನನ್ನು ಕರೆಸಬಾರದಿತ್ತು.

ಈಗ ಸಂಜೆ ಹೊತ್ತು ಶಾಲೆಯ ಗೇಟಿನವರೆಗೆ ಹೋಗಿ ನಿಲ್ಲುತ್ತಾರೆ. ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರಿಗೆ ಅವರ ಪರಿಚಯವಾಗಿದೆ. ಗೇಟು ಹಾಕಿದ ಮೇಲೆ ಲೊರೆತ್ತಾ ಹೋಗಿ, ಮೊರೇನಾ ಆಗಲೇ ಮನೆಗೆ ಹೋದಳು ಎಂದು ಹೇಳಿ ಕರೆದುಕೊಂಡು ಬರುತ್ತಾಳೆ. ಮನೆಗೆ ಬಂದು ನೀನಿಲ್ಲದ್ದನ್ನು ಕಾಣುವಷ್ಟರಲ್ಲಿ ಮರೆತಿರುತ್ತಾರೆ. ಅದೊಂದು ಪುಣ್ಯ.

ಒಂದು ಯೋಚನೆ ಬಂದಿದೆ. ನೀನು ಗಿರಾಕಿಯ ಕುರ್ಚಿಯಲ್ಲಿ ಕೂತರೆ ಗಿರಾಕಿಯೇ. ಮೇಜಿನ ಆಚೆ ನಿಂತು ನಿನ್ನ ಚಾಕು ಹಿಡಿದರೆ? ಕೈ ನೋಡಿ ಗುರುತು ಸಿಕ್ಕೀತು. ಅವರಿಗೆ ಮುಖಗಳು ಯಾವತ್ತೂ ನೆನಪಿರಲಿಲ್ಲ, ಕೈಗಳೇ ನೆನಪು. ಚಾಕು ಇಟ್ಟಲ್ಲೇ ಇದೆ. ಅವರೇ ವಾರಕ್ಕೊಮ್ಮೆ ಎಣ್ಣೆ ಹಚ್ಚುತ್ತಿದ್ದರು, ನಿನಗೆ ಯಾವತ್ತೂ ಬರೆದಿರಲಿಲ್ಲ. ಬಂದು ಆ ತೊಗಲು ಕತ್ತರಿಸು. ನಾನು ಹೊಲಿಯುತ್ತೇನೆ, ಎಷ್ಟು ಗಡುಸಾದರೂ ಸರಿ.

ಅಮ್ಮ


ಟುರಿನ್
೨ ಜೂನ್ ೨೦೧೯

ಅಮ್ಮಾ,

ಬರುತ್ತೇನೆ. ಅಂಗಡಿಯನ್ನು ಜೆಲಿಂಡಾಳ ತಂಗಿ ನೋಡಿಕೊಳ್ಳುತ್ತಾಳೆ. ಬೇಸಿಗೆ ಪೂರ್ತಿ ಇರುತ್ತೇನೆ, ಎಲ್ಲ ಸರಿಹೋದರೆ ಅಲ್ಲೇ ಉಳಿಯುತ್ತೇನೆ. ಆ ಮೇಜಿಗೆ ಬಾಗಿ ನಿಲ್ಲಲಾರೆ ಎಂದಿದ್ದೆನಲ್ಲ, ಈಗ ಅದನ್ನೇ ಬೇಡುತ್ತಿದ್ದೇನೆ.

ಪುಟದಲ್ಲಿ ನಿಜ ಬರೆದೆ. ನೇದೋ ಇನ್ನು ಕತ್ತರಿಸುವುದಿಲ್ಲ, ಚಳಿಗಾಲದ ಬ್ಯಾಗುಗಳು ಅವರದಲ್ಲ ಎಂದು. ತುಂಬಾ ಜನ ಸತ್ತವರ ಮನೆಗೆ ಬರೆಯುವ ಹಾಗೆ ಬರೆದರು. ಒಬ್ಬರು, ಅವರ ಹಳೆಯ ಬ್ಯಾಗಿದ್ದರೆ ತೆಗೆದಿಡಿ, ಮುಂದೆ ಬೆಲೆ ಏರುತ್ತದೆ ಎಂದರು. ಆಮೇಲೆ ಎಲ್ಲರೂ ಸುಮ್ಮನಾದರು. ಅಂಗಡಿಗೂ ಈಗ ಯಾರೂ ಬರುತ್ತಿಲ್ಲ.

ಕೈಯಾದರೂ ಗುರುತು ಸಿಗಲಿ.

ಮೊರೇನಾ


ಪೊಂತಸ್ಸಿಯೇವೆ
೨೯ ಸೆಪ್ಟೆಂಬರ್ ೨೦೧೯

ಪ್ರೀತಿಯ ಮೊರೇನಾ,

ಈ ಪತ್ರ ಲಕೋಟೆಯಲ್ಲಿ ಬರುತ್ತಿದೆ. ಒಳಜೇಬಿರುವ ಬ್ಯಾಗು ಒಂದೂ ಇಲ್ಲ, ಇನ್ನು ಇರುವುದೂ ಇಲ್ಲ. ಅಂಚೆಚೀಟಿ ಕೊಳ್ಳಲು ಹೋದರೆ ಅಂಚೆ ಕಚೇರಿಯ ಹುಡುಗಿ, ಈಗಲೂ ಯಾರಾದರೂ ಪತ್ರ ಬರೆಯುತ್ತಾರಾ ಎಂದು ನಕ್ಕಳು. ನಮ್ಮ ಮನೆಯಲ್ಲಿ ಎದುರಿಗಿದ್ದಾಗ ಯಾರೂ ಮಾತಾಡುವುದಿಲ್ಲ ತಾಯಿ, ಅದಕ್ಕೇ ಬರೆಯುತ್ತೇವೆ ಎಂದೆ.

ಜುಲೈನಲ್ಲಿ ನೀನಿದ್ದಷ್ಟು ದಿನ ಆ ಬೆಳಗಿನ ವಿಷಯ ನಾವಿಬ್ಬರೂ ಎತ್ತಲಿಲ್ಲ. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ನಿನಗೆ ಗೊತ್ತಿರಲಿಲ್ಲ. ಫೋನು ಕೇಳಿಸದಿದ್ದರೂ ನಿಮ್ಮಪ್ಪನ ದನಿ ನನಗೆ ಕೇಳಿಸುತ್ತದೆ.

ನೀನು ಮೇಜಿನ ಆಚೆ ನಿಂತೆ. ತೊಗಲಿನ ಬೆನ್ನು ಸವರಿದೆ. ಅವರು ಸುಮ್ಮನೆ ನೋಡುತ್ತಿದ್ದರು, ಅವರ ಮುಖದಲ್ಲಿ ಏನೋ ಬೆಳಕು ಬಂತು ಎಂದು ನನಗನ್ನಿಸಿತು. ನೀನು ಚಾಕು ಎತ್ತಿಕೊಂಡೆ. ಅವರು ಎದ್ದು ಬಂದು ನಿನ್ನ ಮಣಿಕಟ್ಟು ಹಿಡಿದರು. ಒರಟಾಗಿ ಅಲ್ಲ.

"ನೀವೂ ಎಡಗೈಯವರಾ?" ಎಂದರು. "ನನ್ನ ಮಗಳೂ ಹಾಗೇ. ಇದು ಅವಳ ಚಾಕು, ಅವಳಿಗೆ ಅಂತಲೇ ಸಾಣೆ ಹಿಡಿದಿದ್ದು. ಇಡಿ ತಾಯಿ, ಇಟ್ಟು ಹೋಗಿ. ಅವಳು ಬಂದಾಗ ಇಲ್ಲ ಅಂದ್ರೆ ಬೇಜಾರು ಮಾಡ್ಕೋತಾಳೆ."

ನೀನು ಇಟ್ಟೆ. ಎರಡನೆಯ ಸಲ ಅದೇ ಮೇಜಿನ ಮೇಲೆ ಇಟ್ಟೆ. ಮರುದಿನವೂ, ಅದರ ಮರುದಿನವೂ ಪ್ರಯತ್ನಿಸಿದೆ, ಅವರು ಪ್ರತಿ ಸಲ ಅಷ್ಟೇ ಮರ್ಯಾದೆಯಿಂದ ನಿನ್ನ ಕೈಯಿಂದ ತೆಗೆದುಕೊಂಡರು. ತೊಗಲು ಸುತ್ತಿಕೊಂಡು ಟುರಿನ್‌ಗೆ ಒಯ್ಯಿ ಎಂದೆ. "ಅವರು ಕಾಯ್ತಾ ಇರೋದನ್ನ ಕದ್ದುಕೊಂಡು ಹೋಗ್ಲಾ?" ಎಂದು ನೀನು ಕೇಳಿದೆ. ಹೊರಗಿನವರು ಬಂದು ಕಿತ್ತುಕೊಂಡಿದ್ದರೆ ಉಗುಳಿ ಕಳಿಸುತ್ತಿದ್ದೆ. ಅವರು ನಿನಗಾಗಿ ಕಾಯುತ್ತಿದ್ದಾರೆ, ಅದಕ್ಕೇ ನಿನಗೆ ಜಾಗ ಬಿಡುತ್ತಿಲ್ಲ. ಯಾರನ್ನು ಬೈಯಲಿ?

ನೀನು ಅಂಗಡಿ ಮುಚ್ಚಿದೆ ಎಂದು ಲೊರೆತ್ತಾ ಹೇಳಿದಳು. ಗಾಜಿನ ಅಂಗಡಿಯವರಲ್ಲಿ ಕೆಲಸಕ್ಕೆ ಸೇರಿದ್ದೀಯಂತೆ. ತಪ್ಪೇನಿಲ್ಲ. ಹೊಟ್ಟೆ ಹೊರೆಯಬೇಕು. ಅಲ್ಲಿಯ ಹಿಡಿಗಳನ್ನು ಮಾತ್ರ ಉಜ್ಜಿ ನೋಡಲು ಹೋಗಬೇಡ, ಸುಮ್ಮನೆ ನೋವು.

ನನ್ನ ಸೂಜಿಗಳನ್ನು ಮೇಣದ ಬಟ್ಟೆಯಲ್ಲಿ ಸುತ್ತಿ ಇಟ್ಟೆ. ಆ ತೊಗಲು ಮೇಜಿನ ಮೇಲೆ ಹರಡಿಯೇ ಇದೆ. ಧೂಳು ಕೂರುತ್ತದೆ, ಒರೆಸುತ್ತೇನೆ. ಬಿಸಿಲು ಬೀಳುವ ಕಡೆ ಬಣ್ಣ ಕಪ್ಪಗಾಗುತ್ತಿದೆ, ಇನ್ನೊಂದು ವರ್ಷಕ್ಕೆ ಯಾವುದಕ್ಕೂ ಬಾರದು. ತೆಗೆಯಲು ಹೋದರೆ ಅವರು ಅಂಗೈ ಒತ್ತಿ ಹಿಡಿಯುತ್ತಾರೆ. ಹೋದ ವಾರದಿಂದ ನನ್ನ ಹೆಸರೂ ಅವರಿಗೆ ಸಿಗುತ್ತಿಲ್ಲ. ಹೊಲಿಯುವವಳು ಎನ್ನುತ್ತಾರೆ. ನಿನ್ನದೊಂದು ಉಳಿದಿದೆ.

ಶಾಲೆಯವರೆಗೆ ನಡೆಯಲು ಈಗ ಆಗುವುದಿಲ್ಲ. ಕೆಳಗಿನ ಬಾಗಿಲಲ್ಲೇ ನಿಲ್ಲುತ್ತಾರೆ. ಬಾಗಿಲು ಹಾಕಿ ಮೇಲೆ ಬನ್ನಿ ಎಂದರೆ, "ಅವಳು ಬಂದ್ರೆ ಯಾರು ತೆಗೀತಾರೆ?" ಎನ್ನುತ್ತಾರೆ. ಅದಕ್ಕೆ ತೆರೆದೇ ಇದೆ. ಚಳಿ ಶುರುವಾಗಿದೆ, ಮನೆಯೆಲ್ಲ ತಣ್ಣಗಾಗುತ್ತಿದೆ.

ಬರಬೇಡ ಎನ್ನಲಾರೆ. ಬಾ ಎನ್ನಲೂ ಬಾಯಿ ಬರುತ್ತಿಲ್ಲ. ಬಂದರೆ ಅವರು ಎದ್ದು ನಿಲ್ಲುತ್ತಾರೆ, ತೋಳಿನಿಂದ ಒರೆಸಿ ಆ ಕುರ್ಚಿ ಕೊಡುತ್ತಾರೆ.

ನಿನ್ನಮ್ಮ,
ಇಲ್ವಾ